ಬೀಜದ ಕಂಪನಿಯ ದಾನವ್ವ

ಹಿರೇಕೆರೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ‘ಸಿರಿಬೆಳೆ ಸೀಡ್ಸ್ ಪ್ರೈವೇಟ್ ಲಿಮಿಟೆಡ್’ ಎಂಬ ಬೋರ್ಡು ತೂಗುತ್ತಿದ್ದ ಕಾಲವೊಂದಿತ್ತು. ಅಷ್ಟುದ್ದದ ಹೆಸರು ಹೇಳುವ ಪುರಸತ್ತು ಊರವರಿಗೆಲ್ಲಿ? ಬೀಜದ ಕಂಪನಿ ಎಂದರೆ ಕೂಸಿಗೂ ಗೊತ್ತಿತ್ತು. ಅದರ ಚೇರ್ಮನ್ ದಾನವ್ವ. ಚೇರ್ಮನ್ ಎಂದರೆ ಸೊಸೈಟಿಯಲ್ಲೋ ಪಂಚಾಯ್ತಿಯಲ್ಲೋ ಪಟಕ ಸುತ್ತಿಕೊಂಡು ಕೂರುವ ಗಂಡಸು ಎಂದೇ ತಿಳಿದಿದ್ದ ಊರು ಅದು. ಹಣೆಗೆ ವಿಭೂತಿಯಷ್ಟೇ ಹಚ್ಚಿ, ತಲೆತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಆ ಕುರ್ಚಿಯ ಮೇಲೆ ಕುಳಿತದ್ದು ಎಪ್ಪತ್ತರ ದಶಕದ ಕೊನೆಗೆ ಊರ ಕಟ್ಟೆಗಳಿಗೆಲ್ಲ ಒಳ್ಳೆಯ ಮೇವಾಯಿತು. ಕಟ್ಟೆಯ ಮೇಲೆ ಕುಳಿತವರಿಗೆ ಬೇರೆ ಕೆಲಸವಾದರೂ ಏನಿರುತ್ತದೆ!

ಅವಳು ಆಸೆಪಟ್ಟು ಆ ಕುರ್ಚಿಗೆ ಬಂದವಳಲ್ಲ. ಗಂಡ ಮಹಾಲಿಂಗಪ್ಪ ಹತ್ತಿ ವ್ಯಾಪಾರಿ. ಹೈಬ್ರಿಡ್ ಹತ್ತಿ ಹೊಸದಾಗಿ ಬಂದು ರೈತರು ಬೀಜಕ್ಕೆ ಮುಗಿಬೀಳುತ್ತಿದ್ದ ದಿನಗಳಲ್ಲಿ, ಹತ್ತಿ ಮಾರುವುದಕ್ಕಿಂತ ಬೀಜ ಮಾರುವುದೇ ಮೇಲು ಎಂದು ತಮ್ಮ ಶಿದ್ಲಿಂಗಪ್ಪನನ್ನೂ ಪೇಟೆಯ ಅಡತಿ ವ್ಯಾಪಾರಿ ನೀಲಪ್ಪನನ್ನೂ ಜೊತೆಗೆ ಹಾಕಿಕೊಂಡು ಕಂಪನಿ ಕಟ್ಟಿದ. ತೆರಿಗೆಯ ವಕೀಲರು ಹೇಳಿದರೆಂದು ತನ್ನ ಪಾಲಿನ ಷೇರುಗಳನ್ನೆಲ್ಲ ಹೆಂಡತಿಯ ಹೆಸರಿಗೆ ಮಾಡಿದ. ಎಪ್ಪತ್ತೇಳರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತವನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ. ಆಮೇಲೆ ನೋಡಿದರೆ ಕಂಪನಿಯ ದೊಡ್ಡ ಪಾಲು ದಾನವ್ವನ ಸೆರಗಿನಲ್ಲಿತ್ತು. ಶಿದ್ಲಿಂಗಪ್ಪ ಕುರ್ಚಿಗೆ ಕೂರಲು ನೀಲಪ್ಪ ಒಪ್ಪಲಿಲ್ಲ, ನೀಲಪ್ಪ ಕೂರಲು ಶಿದ್ಲಿಂಗಪ್ಪ ಬಿಡಲಿಲ್ಲ. ಇಬ್ಬರ ಜಗಳದಲ್ಲಿ, ಸದ್ಯಕ್ಕೆ ಅತ್ತಿಗೆ ಹೆಸರಿಗೆ ಇರಲಿ, ಕಾಗದ ಮನೆಗೆ ಕಳಿಸಿದರೆ ಸಹಿ ಹಾಕುತ್ತಾಳೆ ಎಂದು ತೀರ್ಮಾನವಾಯಿತು.

ಕಾಗದ ಮನೆಗೆ ಹೋಗಲಿಲ್ಲ. ಮೊದಲ ಮೀಟಿಂಗಿನ ದಿನ ಅವಳೇ ನಡೆದುಕೊಂಡು ಬಂದಳು. ಹಾನಗಲ್ಲಿನ ತವರಿನಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಕಾಗದವನ್ನು ಮೇಲಿನಿಂದ ಕೆಳಗೆ ಓದದೆ ಹೆಸರು ಬರೆಯುವ ಚಟ ಅವಳಿಗಿರಲಿಲ್ಲ.

“ವೈನಿ, ನೀವ್ಯಾಕ ತ್ರಾಸ ತಗೊಂಡ್ರಿ? ಮನೀಗೇ ಕಳಸ್ತಿದ್ದೆವಲ್ರಿ,” ಎಂದ ಶಿದ್ಲಿಂಗಪ್ಪ.

“ಮನ್ಯಾಗ ಓದಾಕ ಕುಂತ್ರ ನನಗ ನಿದ್ದಿ ಬರ್ತೈತಿ ಶಿದ್ಲಿಂಗಪ್ಪ. ಇಲ್ಲೆ ಓದತೇನಿ. ನೀವು ಮಾತಾಡ್ರಿ,” ಎಂದು ಕನ್ನಡಕ ಏರಿಸಿಕೊಂಡಳು. ಅಂದಿನಿಂದ ಒಂದು ಮೀಟಿಂಗನ್ನೂ ತಪ್ಪಿಸಲಿಲ್ಲ. ಶಿಗ್ಗಾಂವಿಗೆ ಕೊಟ್ಟ ಒಬ್ಬಳೇ ಮಗಳು, “ನಮ್ಮಲ್ಲೇ ಬಂದು ಇರವ್ವಾ” ಎಂದು ಕರೆದು ಕರೆದು ಸೋತಳು. ಗಂಡ ಹೋದ ದುಃಖ ದಾನವ್ವನಿಗೆ ಇರಲಿಲ್ಲವೆಂದಲ್ಲ. ಆದರೆ ದುಃಖಕ್ಕೂ ಒಂದು ಕೆಲಸ ಬೇಕಾಗುತ್ತದೆ. ಅವಳಿಗೆ ಅದು ಈ ಬೀಜದಲ್ಲಿ ಸಿಕ್ಕಿತು.

ಕಂಪನಿಯ ಆಗಿನ ವ್ಯವಹಾರ ಸರಳ. ಸರ್ಕಾರದ ಸಂಶೋಧನೆಯವರು ಹುಟ್ಟಿಸಿದ ತಳಿಯ ಗಂಡು ಬೀಜ, ಹೆಣ್ಣು ಬೀಜ ತರುವುದು. ಹೊಲದಲ್ಲಿ ಎರಡನ್ನೂ ಬೆಳೆದು ಕೂಡಿಸುವುದು. ಬಂದ ಹೈಬ್ರಿಡ್ ಬೀಜವನ್ನು ಚೀಲಕ್ಕೆ ತುಂಬಿ ಮಾರುವುದು. ಲಾಭವೂ ಇತ್ತು. ಆದರೆ ಆ ಹತ್ತಿ ನಮ್ಮ ಕಡೆಯ ನೆಲಕ್ಕೆ ಹೇಳಿ ಮಾಡಿಸಿದ್ದಲ್ಲ. ಹಾನಗಲ್ಲ, ಹಿರೇಕೆರೂರಿನ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ತಡವಾಗಿ ಬರುವ ಆ ಎತ್ತರದ ಗಿಡ ನೆಂದು, ಕಾಯಿ ಕೊಳೆತು, ಹುಳ ಬಿದ್ದು ರೈತನ ಹೊಟ್ಟೆ ಉರಿಸುತ್ತಿತ್ತು. ಕಂಪನಿಯಲ್ಲಿ ಬೆಳೆ ನೋಡಿಕೊಳ್ಳಲು ಸವಣೂರಿನ ಸಿರಾಜುದ್ದೀನ ಎಂಬ ಹುಡುಗನಿದ್ದ. ಧಾರವಾಡದಲ್ಲಿ ಕೃಷಿ ಓದಿದವನು, ಎಲೆ ವ್ಯಾಪಾರಿಯ ಮಗ, ಮಾತು ಕಡಿಮೆ. ಬೇಗ ಬಂದು ಹಿಂಗಾರು ಮಳೆಗೆ ಮುಂಚೆ ಕಾಯಿ ಬಿಡಿಸಿಕೊಳ್ಳುವ ಗಿಡ್ಡ ತಳಿಯೊಂದನ್ನು ನಾವೇ ಮಾಡಬಹುದು, ಆದರೆ ನಾಲ್ಕೈದು ವರ್ಷ ಬೇಕು, ಅಷ್ಟು ವರ್ಷ ದುಡ್ಡು ಹಾಕುತ್ತಲೇ ಇರಬೇಕು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂದು ಅವನು ದಾನವ್ವನಿಗೆ ಒಮ್ಮೆ ಹೇಳಿದ. ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮೀಟಿಂಗಿನಲ್ಲಿ ಹೇಳಿದಾಗ ನೀಲಪ್ಪ ನಕ್ಕೇಬಿಟ್ಟ. “ಸರ್ಕಾರದವರು ಹಡದು ಕೊಡಾಕತ್ತಾರ, ನಾವು ಮಾರಿದ್ರ ಮುಗೀತು. ಇಲ್ಲದ ಉಸಾಬರಿ ನಮಗ್ಯಾಕ್ರಿ?”

“ಮಂದಿ ಹಡದ ಕೂಸಿಗೆ ನಾವು ಎಷ್ಟ ದಿನಾ ತೊಟ್ಟಲಾ ತೂಗೋಣ ನೀಲಪ್ಪ? ನಾಳೆ ಅವರು ಎತಗೊಂಡು ಹೋದ್ರ ನಮ್ಮ ಕೈಯಾಗ ಹಗ್ಗ ಉಳೀತೈತಿ,” ಎಂದಳು ದಾನವ್ವ.

ಶಿದ್ಲಿಂಗಪ್ಪ ಕೆಟ್ಟವನಲ್ಲ. ಅಣ್ಣನ ಹೆಂಡತಿಯ ಮೇಲೆ ಗೌರವವಿತ್ತು, ಅಣ್ಣ ಕಟ್ಟಿದ ಕಂಪನಿಯ ಮೇಲೆ ಭಯವಿತ್ತು. ಎರಡರ ನಡುವೆ ಸಿಕ್ಕಿ ಒದ್ದಾಡಿ, ಕಡೆಗೆ ಒಂದು ಮಾತಿಗೆ ಒಪ್ಪಿದ. ತಿಳವಳ್ಳಿ ರಸ್ತೆಯಲ್ಲಿದ್ದ ಕಂಪನಿಯ ಹೊಲ ಸಂಶೋಧನೆಗೆ ಬಿಡುವುದು, ಪ್ರತಿವರ್ಷದ ಲಾಭದಲ್ಲಿ ಒಂದು ಭಾಗ ಅಲ್ಲಿಗೆ ಹಾಕುವುದು. ದಾನವ್ವ ಅವತ್ತು ಮನೆಗೆ ಹೋಗಿ ಗಂಡನ ಫೋಟೋದ ಮುಂದೆ ಸಕ್ಕರೆ ಇಟ್ಟಳು. ಅವಳ ಜೀವಮಾನದಲ್ಲಿ ತಾನೇ ಆಡಿ, ತಾನೇ ಗೆದ್ದ ಮೊದಲ ಮಾತು ಅದು.

ಆ ಹೊಲದಲ್ಲಿ ಭರಮವ್ವ ಸಿಕ್ಕಿದಳು. ತಿಳವಳ್ಳಿಯ ಕೆಳಗೇರಿಯವಳು. ಗಂಡ ಗೋವೆಗೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿಕೊಂಡಿದ್ದ. ಬಾಯಿ ಬಿಟ್ಟರೆ ಬೆಂಕಿ, ಕೈ ಮಾತ್ರ ಬೆಣ್ಣೆ. ಹತ್ತಿ ಕೂಡಿಸುವ ಕೆಲಸಕ್ಕೆ ಅಂಥ ಕೈಯೇ ಬೇಕು. ಸಂಜೆ ಹೊತ್ತು, ಮರುದಿನ ಅರಳಬೇಕಾದ ಮೊಗ್ಗನ್ನು ಉಗುರಿನಿಂದ ಬಿಡಿಸಿ, ಒಳಗಿನ ಗಂಡು ಕೇಸರವನ್ನಷ್ಟೇ ತೆಗೆದು ಕಾಗದದ ಚೀಲ ಹೊದಿಸಬೇಕು. ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರ ಇದ್ದ ಕಾಯಿ ಬೀಜಕ್ಕೆ, ದಾರ ಇಲ್ಲದ್ದು ಗಾಣಕ್ಕೆ. ಕಣ್ತಪ್ಪಿ ತಾನೇ ಅರಳಿದ ಹೂವು ಕಂಡರೆ ಕಿತ್ತು ಎಸೆಯಬೇಕು, ಏಕೆಂದರೆ ಅದರಲ್ಲಿ ಕಟ್ಟುವುದು ಬರೀ ತಾಯಿಗಿಡದ ಬೀಜ, ಬಿತ್ತಿದರೆ ಹೈಬ್ರಿಡ್ ಬರುವುದಿಲ್ಲ. ಇಷ್ಟೇ ವಿದ್ಯೆ. ಆದರೆ ಹೊಲ ತುಂಬ ಹೂವು ಇರುವಾಗ ಈ ಇಷ್ಟೇ ವಿದ್ಯೆಗೆ ಬೆನ್ನು ಮುರಿಯುತ್ತದೆ.

ಭರಮವ್ವ ಕೇರಿಯ, ಸುತ್ತಲ ಹಳ್ಳಿಯ ಹುಡುಗಿಯರನ್ನು ಕೂಡಿಸಿ ದಂಡು ಕಟ್ಟಿದಳು. ಅವರ ನಗೆಚಾಟಿಕೆ ಕೇಳಿದರೆ ಸಿರಾಜುದ್ದೀನ ತಲೆ ತಗ್ಗಿಸಿಕೊಂಡು ಆಚೆ ಹೋಗುತ್ತಿದ್ದ. “ಗಂಡಸರ ಕೆಲಸಾ ನಮ್ಮ ಕೈಯಾಗ ಕೊಟ್ಟಾರ ನೋಡ್ರಿ ಅಕ್ಕಾರ. ಇಷ್ಟ ಗಿಡಾನೂ ಬಸುರು ಮಾಡಿದಾಕಿ ಈ ಭರಮವ್ವ!” ಎಂದು ಅವಳು ಕೂಗಿದರೆ ಹೊಲಕ್ಕೆ ಹೊಲವೇ ನಗುತ್ತಿತ್ತು. ದಾನವ್ವ ಮೊದಮೊದಲು ಸೆರಗಿನ ಹಿಂದೆ ನಕ್ಕಳು. ಆಮೇಲೆ ಸೆರಗು ಬಿಟ್ಟೇ ನಕ್ಕಳು. ವಾರಕ್ಕೊಮ್ಮೆ ಬರುತ್ತಿದ್ದವಳು ದಿನಾ ಬರತೊಡಗಿದಳು. ಆಫೀಸಿನಲ್ಲಿ ಚೇರ್ಮನ್, ಓಣಿಯಲ್ಲಿ ವಿಧವೆ. ಈ ಹೊಲದಲ್ಲಿ ಮಾತ್ರ ಅವಳು ಬರೀ ದಾನವ್ವ, ಹುಡುಗಿಯರ ಅಕ್ಕಾರ. ಬದುವಿನ ಮೇಲೆ ಭರಮವ್ವನ ಬುತ್ತಿಯ ರೊಟ್ಟಿ ಮುರಿದು ತಿಂದ ಸುದ್ದಿ ಊರಿಗೆ ಮುಟ್ಟಿತು. ಊರು ಎರಡು ದಿನ ಮಾತಾಡಿ ಸುಮ್ಮನಾಯಿತು.

ಹೀಗೆ ವರ್ಷಗಳು ಹೋದವು. ಒಂದು ವರ್ಷ ಗಿಡ ಗಿಡ್ಡ ಬಂತು, ಕಾಯಿ ಸಣ್ಣ. ಇನ್ನೊಂದು ವರ್ಷ ಕಾಯಿ ದಪ್ಪ, ಹುಳಕ್ಕೆ ಹಬ್ಬ. ಪ್ರತಿ ಮೀಟಿಂಗಿನಲ್ಲಿ ನೀಲಪ್ಪ ಆ ಹೊಲವನ್ನು ‘ನಿಮ್ಮ ಹರಕಿ ಹೊಲಾ’ ಎಂದು ಹಂಗಿಸುತ್ತಿದ್ದ. ಎಂಬತ್ತೆರಡರಲ್ಲಿ ಸಿರಾಜುದ್ದೀನನ ಒಂದು ಜೋಡಿ ಚೆನ್ನಾಗಿ ಕೂಡಿತು. ಸೊಂಟದೆತ್ತರದ ಗಿಡ, ಮೈತುಂಬ ಕಾಯಿ, ಅದೂ ಬೇಗ ಬಿರಿಯಿತು. ಹುಡುಗಿಯರು ಅದಕ್ಕೆ ‘ಅಕ್ಕಾರ ಹತ್ತಿ’ ಎಂದು ಹೆಸರಿಟ್ಟರು. ಮರುವರ್ಷ ಹೊಲದ ತುಂಬ ಅದರ ಬೀಜ ಕಟ್ಟಿಸುವುದೆಂದಾಯಿತು. ಇನ್ನೂ ಒಂದು ವರ್ಷ ಬಿತ್ತಿ ನೋಡೋಣ, ಆಮೇಲೆ ರೈತರಿಗೆ ಕೊಡೋಣ ಎಂದು ಸಿರಾಜುದ್ದೀನ ಬೇಡಿಕೊಂಡ. ಡೈರೆಕ್ಟರುಗಳು ಕೇಳಲಿಲ್ಲ. ಬರುವ ಮುಂಗಾರಿಗೆ ಮಾರಾಟಕ್ಕೆ ಬರಬೇಕು, ಇಲ್ಲದಿದ್ದರೆ ಹೊಲ ಮುಚ್ಚಬೇಕು. ದಾನವ್ವ ಒಪ್ಪಿದಳು. ಒಪ್ಪದೆ ಏನು ಮಾಡುತ್ತಿದ್ದಳು?

ಎಂಬತ್ಮೂರರ ಸೀಗೆ ಹುಣ್ಣಿಮೆ ಬಂತು. ಆ ಹೊತ್ತಿಗೆ ನಮ್ಮ ಕಡೆ ಬೆಳೆ ಹೊಡೆ ತುಂಬಿಕೊಂಡು ನಿಂತಿರುತ್ತದೆ. ಭೂತಾಯಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಇಡೀ ಊರೇ ಅಡುಗೆ ಹೊತ್ತು ಹೊಲಕ್ಕೆ ಹೋಗುತ್ತದೆ. ಬೆಳೆಗೆ ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ನೈವೇದ್ಯದ ಅಡುಗೆಯನ್ನು ಹೊಲದ ಸುತ್ತ ಚರಗವೆಂದು ಚೆಲ್ಲಿ ಬರುತ್ತದೆ. ಅಂದು ಬೆಳೆಯ ಮೈಮೇಲಿಂದ ಒಂದು ಹೂವನ್ನೂ ಯಾರೂ ಕೀಳುವುದಿಲ್ಲ. ಬಸುರಿಯ ತಲೆಯ ಹೂವು ಕಿತ್ತುಕೊಳ್ಳುವ ಪಾಪಿ ಯಾರಿದ್ದಾರೆ?

ಅಡುಗೆಯ ಸಲುವಾಗಿ ಹುಡುಗಿಯರು ಹಿಂದಿನ ದಿನ ಮಧ್ಯಾಹ್ನವೇ ಮನೆಗೆ ಹೋಗಿದ್ದರು. ಸಂಜೆ ಮೊಗ್ಗು ಬಿಡಿಸುವ ಕೆಲಸ ನಡೆಯಲಿಲ್ಲ. ಸಿರಾಜುದ್ದೀನ ತಾಯಿಗೆ ಹುಷಾರಿಲ್ಲವೆಂದು ಸವಣೂರಿಗೆ ಹೋಗಿದ್ದ. ಹುಣ್ಣಿಮೆಯ ಬೆಳಗ್ಗೆ ನೋಡಿದರೆ ಹೊಲ ತುಂಬ ತಾನೇ ಅರಳಿದ ಹೂವು. ಬಿತ್ತಿದ್ದು ತಡವಾಗಿ, ಹೂವಿನ ಭರಾಟೆಯ ಕಾಲ ಬೇರೆ. ದಾನವ್ವ ಬಂದಾಗ ಹುಡುಗಿಯರು ಹಸಿರು ಬಳೆ ತೊಟ್ಟು, ಕಡುಬು, ಪುಂಡಿಪಲ್ಯದ ಬುಟ್ಟಿ ಇಳಿಸಿ ಕುಳಿತಿದ್ದರು. ಪೂಜೆಯ ಹೊತ್ತಿಗೆ ದಾನವ್ವ ಮೆಲ್ಲಗೆ ಬದುವಿನ ಆಚೆ ಸರಿದಳು. ಲಿಂಗ ಕಟ್ಟಿದವರಿಗೆ ಅಪಶಕುನ ಇಲ್ಲ ಎಂದು ಮಠದ ಜಗಲಿಯಲ್ಲಿ ಹೇಳುತ್ತಾರೆ, ನಿಜ. ಉಡಿ ತುಂಬುವ ಹೊತ್ತಿಗೆ ಗಂಡ ಸತ್ತವಳು ಎದುರಿಗಿದ್ದರೆ ಮುಖ ಯಾವ ಕಡೆ ತಿರುಗುತ್ತದೆ ಎಂಬುದು ಅವಳಿಗೆ ಆರು ವರ್ಷದಿಂದ ಗೊತ್ತಿತ್ತು.

ಭರಮವ್ವ ಬಂದು ಅವಳ ಕೈ ಹಿಡಿದಳು. “ಎಲ್ಲಿಗಿ ಹೊಂಟ್ರಿ?”

“ನೀವು ಮಾಡ್ರವ್ವಾ. ನಾ ಇಲ್ಲೆ ನಿಂತ ನೋಡತೇನಿ.”

“ಈ ಗಿಡಾ ಭೂಮಿಗಿ ತಂದಾಕಿ ನೀವು. ನಿಮ್ಮನ್ನ ಬಿಟ್ಟು ನಾವು ಉಡಿ ತುಂಬಿದ್ರ ಆ ತಾಯಿ ಮೆಚ್ಚತಾಳೇನ್ರಿ? ಬರ್ರಿ ಸುಮ್ನ.”

ದರದರ ಎಳೆದುಕೊಂಡೇ ಬಂದಳು. ಒಂದು ಗಿಡಕ್ಕೆ ಕುಪ್ಪಸದ ಕಣ ಉಡಿಸಿ ಪೂಜೆ ಮುಗಿಸುವುದು ವಾಡಿಕೆ. ಅವತ್ತು ಹುಡುಗಿಯರ ಉತ್ಸಾಹಕ್ಕೆ ಅದು ಸಾಲಲಿಲ್ಲ. ನಾವು ಬಸುರು ಮಾಡಿದ್ದು ಒಂದೇ ಗಿಡವೇನು, ಎಲ್ಲಕ್ಕೂ ಕಂಕಣ ಕಟ್ಟೋಣ ಎಂದು ಯಾರೋ ಕೂಗಿದರು. ಕೈಗೆ ಸಿಕ್ಕದ್ದು ದಿನಾ ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಕಂಪನಿಯ ಕೆಂಪು ದಾರ. ಹಾಡು ಹೇಳುತ್ತ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ, ಅರಳಿದ ಒಂದೊಂದು ಹೂವಿನ ತೊಟ್ಟಿಗೂ ಕಟ್ಟಿದರು. ಭರಮವ್ವ ಒಂದು ಎಳೆ ದಾನವ್ವನ ಕೈಗೂ ಇಟ್ಟಳು. ದಾನವ್ವ ಕಟ್ಟಿದಳು. ಒಂದು ಕಟ್ಟಿದವಳು ಇನ್ನೊಂದು ಕಟ್ಟಿದಳು. ಸಾಲು ಸಾಲಾಗಿ ಕಟ್ಟುತ್ತ ಹೋದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಹುಡುಗಿಯರ ಹಾಡಿಗೆ ದನಿ ಕೂಡಿಸುತ್ತಿತ್ತು. ಗಂಡ ಸತ್ತ ಮೇಲೆ ಒಂದು ಶುಭಕ್ಕೆ ಅವಳ ಕೈ ಹತ್ತಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಆ ದಾರಕ್ಕೆ ಬೇರೊಂದು ಕೆಲಸವಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಅದನ್ನು ತಪ್ಪು ಎನ್ನಲು ನನಗಂತೂ ಈಗಲೂ ನಾಲಗೆ ಏಳುವುದಿಲ್ಲ.

ಮರುದಿನ ಸಂಜೆ ಭರಮವ್ವನಿಗೆ ನೆನಪಾಯಿತು. ಬದುವಿನ ಮೇಲೆ ಕುಳಿತಿದ್ದ ದಾನವ್ವನ ಹತ್ತಿರ ಬಂದು ಕೇಳಿದಳು. “ಅಕ್ಕಾರ, ನಿನ್ನಿ ದಾರಾ ಬಿಚ್ಚಿ, ಆ ಹೂವು ತಗದು ಬಿಡೋಣೇನ್ರಿ? ನಾಳೆ ಸಿರಾಜುದ್ದೀನ ಸಾಹೇಬ್ರು ಬಂದ್ರ ಗದ್ಲಾದೀತು.”

ದಾನವ್ವ ಹೊಲ ನೋಡಿದಳು. ಸಂಜೆಯ ಬಿಸಿಲಿಗೆ ಹಳದಿ ಹೂವು ಕೆಂಪಗೆ ಬಾಡಿ ನಿಂತಿದ್ದವು, ಒಂದೊಂದರ ಕೊರಳಲ್ಲೂ ದಾರ. “ನಿನ್ನಿ ಉಡಿ ತುಂಬಿ ಇವತ್ತ ಕಸಗೊಳ್ಳೋದೇನ? ಬಿಡ ಭರಮವ್ವ. ಒಂದ ದಿನದ ಹೂವು. ಎಷ್ಟೋ ಉದುರಿ ಹೋಕ್ಕಾವ,” ಎಂದಳು.

ಉದುರಲಿಲ್ಲ. ಕೈಯಿಂದ ಕೂಡಿಸಿದ ಹೂವಿನಲ್ಲಿ ಉದುರುವುದೇ ಹೆಚ್ಚು, ತಾನೇ ಕೂಡಿದ್ದು ಗಟ್ಟಿಯಾಗಿ ಕಾಯಿ ಕಟ್ಟುತ್ತದೆ. ಬಿಡಿಸುವ ಕಾಲಕ್ಕೆ ಎಲ್ಲ ಕಾಯಿಗೂ ಒಂದೇ ಕೆಂಪು ದಾರ. ಎಲ್ಲ ಬೀಜವೂ ಒಂದೇ ರಾಶಿಗೆ ಬಿತ್ತು. ಯಾರಿಗೂ ಏನೂ ಅನ್ನಿಸಲಿಲ್ಲ.

ಎಂಬತ್ನಾಲ್ಕರ ಮುಂಗಾರಿಗೆ ಅಕ್ಕಾರ ಹತ್ತಿಯ ಬೀಜ ಶಿಗ್ಗಾಂವಿ ಕಡೆಯ ರೈತರ ಹೊಲ ಸೇರಿತು. ಅಗಸ್ಟಿನ ಹೊತ್ತಿಗೆ ಒಂದೊಂದೇ ದೂರು. ಆಮೇಲೆ ಟ್ರ್ಯಾಕ್ಟರ್ ಕಟ್ಟಿಕೊಂಡು ರೈತರೇ ಬಂದು, ಕಿತ್ತ ಗಿಡಗಳನ್ನು ಆಫೀಸಿನ ಬಾಗಿಲಿಗೆ ಒಗೆದರು. ಹೊಲದಲ್ಲಿ ಒಂದು ಗಿಡ ಸೊಂಟಕ್ಕಿದ್ದರೆ ಪಕ್ಕದ್ದು ಮೊಣಕಾಲಿಗೆ. ಒಂದರಲ್ಲಿ ಕಾಯಿ, ಇನ್ನೊಂದರಲ್ಲಿ ಬರೀ ಎಲೆ. ಸಿರಾಜುದ್ದೀನ ಒಂದು ಗಿಡ ಎತ್ತಿ ನೋಡಿದವನು, ನೇರ ದಾನವ್ವನ ಮನೆಗೆ ಬಂದ.

“ಇದು ತಾಯಿಗಿಡಾ ಅದರಿ. ಬೆರಕಿ ಆಗೇದ. ಹೋದ ವರ್ಷ ಹುಣ್ಣಿವಿಗಿ ನಾ ಇರಲಿಲ್ಲ. ಅವತ್ತೇನಾತ್ರಿ ಅಕ್ಕಾರ?”

ಕೇಳಿದ ಕೂಡಲೇ ದಾನವ್ವನಿಗೆ ಎಲ್ಲವೂ ತಿಳಿಯಿತು. ಒಂದೂ ಬಿಡದೆ ಹೇಳಿದಳು, ತಾನು ಕಟ್ಟಿದ್ದು, ಭರಮವ್ವ ಬಂದು ಕೇಳಿದ್ದು, ತಾನೇ ಬೇಡವೆಂದದ್ದು. ಸಿರಾಜುದ್ದೀನ ಕೈಯಲ್ಲಿದ್ದ ಗಿಡವನ್ನು ಕೆಳಗಿಟ್ಟ. “ತಳಿ ಕೆಟ್ಟಿಲ್ರಿ. ಇನ್ನೊಂದು ವರ್ಷ ಚಂದಂಗ ಕಟ್ಟಿದ್ರ ಬೀಜಾ ಬರ್ತದ. ಮೀಟಿಂಗಿನ್ಯಾಗ ಹಿಂಗಿಂಗಾತು ಅಂತ ನೀವ ಹೇಳ್ರಿ. ನಾ ಹೇಳೂದಲ್ಲ ಇದು,” ಎಂದು ಎದ್ದು ಹೋದ.

ಹೇಳಬೇಕೆಂದೇ ಹೋದಳು. ಆ ಮಾತು ನಂಬಿರಿ. ಮೀಟಿಂಗಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಭರಮವ್ವನನ್ನು ಕರೆಸಿ ಕೂರಿಸಿದ್ದರು. ಹಾದು ಹೋಗುವಾಗ ದಾನವ್ವ ಅವಳ ಹೆಗಲು ಮುಟ್ಟಿ, “ಹೆದರಬ್ಯಾಡ, ನಾ ಅದೇನಿ,” ಎಂದಳು. ಭರಮವ್ವ ತಲೆಯಾಡಿಸಿದಳು.

ಒಳಗೆ ನೀಲಪ್ಪ ಮೊದಲು ಬಾಯಿ ತೆಗೆದ. “ಊರಾಗ ಮಂದಿ ಏನ್ ಮಾತಾಡಾಕತ್ತಾರ, ನಿಮ್ಮ ಕಿವಿಗಿ ಬಿದ್ದೈತೇನ್ರಿ? ಗಂಡ ಇಲ್ಲದಾಕಿ ಬಿತ್ತೋ ಬೀಜಕ್ಕ ಕೈ ಹಚ್ಚಿದ್ರ ಮತ್ತೇನಾಕ್ಕೈತಿ ಅನ್ನಾಕತ್ತಾರ. ನಾ ನಂಬೂದಿಲ್ಲ ಬಿಡ್ರಿ. ಆದ್ರ ಇಂಥಾ ಮಾತಿಗಿ ರೆಕ್ಕಿ ಭಾಳ. ನಾಳೆ ಈ ಬೋರ್ಡಿನ ಬೀಜಾ ಯಾರೂ ಮುಟ್ಟೂದಿಲ್ಲ.”

ಕಟ್ಟಿದ ಕೈ ನನ್ನದು ಎಂದು ಹೇಳಿದರೆ ಮುಗಿಯಿತು. ದಾರದ ತಪ್ಪು ಎಂದು ಯಾರೂ ತಿಳಿಯುವುದಿಲ್ಲ, ವಿಧವೆಯ ಕೈ ಎನ್ನುತ್ತಾರೆ. ಏಳು ವರ್ಷ ಕುಳಿತ ಕುರ್ಚಿ, ತಿಳವಳ್ಳಿಯ ಹೊಲ, ಹೊಸ ತಳಿ, ನಾಳೆ ಇನ್ನೊಬ್ಬ ಹೆಂಗಸಿಗೆ ಸಿಗಬಹುದಾದ ಜಾಗ, ಎಲ್ಲವೂ ಆ ಒಂದು ಮಾತಿಗೆ ಹೊತ್ತಿ ಉರಿಯುತ್ತದೆ. ಹೀಗೆಲ್ಲ ದಾನವ್ವನಿಗೆ ಅನ್ನಿಸಿತು. ಕಾರಣಗಳು ಒಳ್ಳೆಯವೇ. ಬೆನ್ನು ತೋರಿಸುವವರಿಗೆ ಒಳ್ಳೆಯ ಕಾರಣಗಳಿಗೆ ಎಂದೂ ಬರವಿಲ್ಲ.

“ತಪ್ಪ ಹೂವಿಗಿ ದಾರಾ ಬಿದ್ದು ಬೀಜಾ ಬೆರಕಿ ಆಗೇತಂತ. ದಾರಾ ಯಾರು ಕಟ್ಟಿದ್ರು, ವೈನಿ?” ಎಂದು ಶಿದ್ಲಿಂಗಪ್ಪ ಕೇಳಿದ.

“ಹುಡುಗ್ಯಾರು,” ಎಂದಳು ದಾನವ್ವ. “ಹಬ್ಬದ ಹುರುಪಿನ್ಯಾಗ ಕಟ್ಟಿಬಿಟ್ಟಾರ. ನನಗ ಆಮ್ಯಾಲೆ ಗೊತ್ತಾತು.”

ಬಾಗಿಲು ಅರ್ಧ ತೆರೆದೇ ಇತ್ತು. ಭರಮವ್ವನನ್ನು ಒಳಗೆ ಕರೆದರು. ಅವಳು ಬಂದು ನಿಂತು, ಬೇರೆ ಯಾರನ್ನೂ ನೋಡದೆ ದಾನವ್ವನ ಮುಖವನ್ನೇ ನೋಡಿದಳು. ದಾನವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು.

“ನೀವ ಕಟ್ಟಿದ್ರೇನಬೇ?” ನೀಲಪ್ಪ ಕೇಳಿದ.

“ಹೌದ್ರಿ. ನಾನ ಕಟ್ಟಿಸಿದ್ದೆ.”

“ಯಾರನ್ನ ಕೇಳಿ ಕಟ್ಟಿಸಿದಿ?”

“ಯಾರನ್ನೂ ಕೇಳಿಲ್ರಿ,” ಎಂದಳು ಭರಮವ್ವ. ಬೆಂಕಿಯಂಥ ಆ ಬಾಯಿಯಿಂದ ಅಷ್ಟು ತಣ್ಣನೆಯ ಮಾತು ಯಾರೂ ಕೇಳಿರಲಿಲ್ಲ. ಆಗಲಾದರೂ ದಾನವ್ವ ಎದ್ದು ನಿಂತು ‘ಸುಳ್ಳು’ ಎನ್ನಬಹುದಿತ್ತು. ಅನ್ನಲಿಲ್ಲ. ಅವಳ ಬಾಯಿ ಹೊಲಿದ ಚೀಲವಾಗಿತ್ತು.

ಅಂದೇ ಹುಡುಗಿಯರ ದಂಡನ್ನು ಬಿಡಿಸಿದರು. ಕುರ್ಚಿ ಉಳಿಯಿತು. ಯಾವುದರ ಸಲುವಾಗಿ ಸುಳ್ಳು ಹೇಳಿದಳೋ ಅದು ಮಾತ್ರ ಉಳಿಯಲಿಲ್ಲ. ಮುಂದಿನ ಮೀಟಿಂಗಿನಲ್ಲೇ ಸಂಶೋಧನೆ ಸಾಕು ಎಂದು ಕೈ ಎತ್ತಿ ತೀರ್ಮಾನಿಸಿದರು. ಷೇರು ತನ್ನವೇ ಇದ್ದರೂ ಎದುರು ನಿಲ್ಲುವ ದನಿ ದಾನವ್ವನಲ್ಲಿ ಉಳಿದಿರಲಿಲ್ಲ. ‘ಆ ಕೂಲಿಯವರನ್ನು ನಂಬಿದ್ದಕ್ಕೆ ಹೀಗಾಯಿತು’ ಎಂದು ಅವರು ಅಂದಾಗ, ಅಲ್ಲ ಎನ್ನಲು ಅವಳ ಬಳಿ ಇದ್ದದ್ದು ಆ ಒಂದೇ ನಿಜ, ಅದನ್ನು ಅವಳೇ ನುಂಗಿದ್ದಳು. ತಿಳವಳ್ಳಿಯ ಹೊಲದಲ್ಲಿ ಗೋವಿನಜೋಳ ಬಿತ್ತಿದರು. ಸಿರಾಜುದ್ದೀನ ಯಾರ ಮೇಲೂ ಸಿಟ್ಟು ತೋರದೆ ರಾಜೀನಾಮೆ ಕೊಟ್ಟು, ಯಲವಿಗಿಯಲ್ಲಿ ರೈಲು ಹತ್ತಿ ಹೋದ. ಅಕ್ಕಾರ ಹತ್ತಿಯ ತಾಯಿಬೀಜ, ತಂದೆಬೀಜ ಗೋದಾಮಿನಲ್ಲಿ ಇದ್ದಲ್ಲೇ ಮೊಳಕೆಯ ಶಕ್ತಿ ಕಳೆದುಕೊಂಡವು.

ಮೂರು ವರ್ಷ ಅವಳು ಆ ಕುರ್ಚಿಯಲ್ಲಿ ಕುಳಿತಳು. ಈಗ ಕಾಗದ ನಿಜಕ್ಕೂ ಮನೆಗೇ ಬರುತ್ತಿತ್ತು. ಓದದೆ ಸಹಿ ಹಾಕುತ್ತಿದ್ದಳು. ಹುಬ್ಬಳ್ಳಿಯಿಂದ ಯಾರೋ ಬಂದು ‘ಮಹಿಳಾ ಉದ್ಯಮಿ’ ಎಂದು ಶಾಲು ಹೊದಿಸಿ ಹೋದರು. ಆ ಶಾಲನ್ನು ಅವಳು ಮನೆಗೆಲಸದವಳಿಗೆ ಕೊಟ್ಟುಬಿಟ್ಟಳು. ಊಟ ಸೇರುತ್ತಿರಲಿಲ್ಲ. ಶಿಗ್ಗಾಂವಿಯಿಂದ ಬಂದ ಮಗಳು, ಅವ್ವಗೆ ಏನೋ ರೋಗ ಹತ್ತಿದೆ ಎಂದು ಡಾಕ್ಟರಿಗೆ ತೋರಿಸಿದಳು. ಡಾಕ್ಟರಿಗೆ ಸಿಗುವ ರೋಗವಾಗಿದ್ದರೆ ಚೆನ್ನಾಗಿತ್ತು.

ಎಂಬತ್ತೇಳರಲ್ಲಿ ಒಂದು ಮೀಟಿಂಗಿಗೆ ಅವಳು ತಾನಾಗಿ ನಡೆದು ಬಂದಳು. ಟೊಮ್ಯಾಟೊ, ಮೆಣಸಿನಕಾಯಿ ಬೀಜದಿಂದ ಕಂಪನಿ ಮತ್ತೆ ಚೇತರಿಸಿಕೊಂಡಿತ್ತು. ನೀಲಪ್ಪ ಖುಷಿಯಲ್ಲಿದ್ದ. ದಾನವ್ವ ಎದ್ದು ನಿಂತು, ಅವತ್ತು ದಾರ ಕಟ್ಟಿದವಳು ತಾನು, ಬಿಚ್ಚಬೇಡವೆಂದವಳೂ ತಾನು, ಭರಮವ್ವ ಬಂದು ಕೇಳಿದ್ದಳು, ತಾನು ಇಲ್ಲಿ ನಿಂತು ಸುಳ್ಳು ಹೇಳಿದೆ ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳಿ, ಬೈಗುಳಕ್ಕೆ ಕಾದು ನಿಂತಳು.

ಶಿದ್ಲಿಂಗಪ್ಪ ಮೆತ್ತಗೆ, “ಆಗಿದ್ದು ಆಗಿ ಹೋತ್ರಿ ವೈನಿ. ಹಳೇದನ್ನ ಯಾಕ ಕೆದಕತೀರಿ? ಕುಂತ್ಕೋರಿ, ಚಾ ತರಸ್ತೇನಿ,” ಎಂದ. ನೀಲಪ್ಪ ಮೆಣಸಿನಕಾಯಿಯ ಮಾತಿಗೆ ಮರಳಿದ. ಮೂರು ವರ್ಷದ ಹಿಂದೆ ಅವಳ ಸರ್ವಸ್ವವನ್ನೂ ಕೇಳುತ್ತಿದ್ದ ನಿಜಕ್ಕೆ ಈಗ ಒಂದು ಕಪ್ ಚಹದ ಬೆಲೆಯೂ ಇರಲಿಲ್ಲ. ದಾನವ್ವ ಚಹ ಬರುವ ಮುಂಚೆ ಹೊರಗೆ ಬಂದು, ತಿಳವಳ್ಳಿಯ ಬಸ್ಸು ಹತ್ತಿದಳು.

ಕೆಳಗೇರಿಯ ಮನೆಯ ಮುಂದೆ ಭರಮವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಕೆನ್ನೆ ಒಳಗೆ ಹೋಗಿತ್ತು. ದಾನವ್ವನನ್ನು ಕಂಡು ಎದ್ದು, ಕಂಬಳಿ ಹಾಸಿ, “ಕುಂಡ್ರಿ,” ಎಂದಳು. ನೀರು ತಂದುಕೊಟ್ಟಳು. ಯಾವುದರಲ್ಲೂ ಕೊರತೆ ಮಾಡಲಿಲ್ಲ.

“ಹೇಳಿದೆ ಭರಮವ್ವ. ಇವತ್ತ ಮೀಟಿಂಗಿನ್ಯಾಗ ನಿಂತು ಎಲ್ಲಾ ಖರೇನ ಹೇಳಿಬಿಟ್ಟೆ.”

“ಏನಂದ್ರು?”

“ಯಾರೂ ಏನೂ ಅನ್ನಲಿಲ್ಲ.”

ಭರಮವ್ವ ಮೊರ ಎತ್ತಿಕೊಂಡು ಕೇರತೊಡಗಿದಳು. ದಾನವ್ವನಿಗೆ ತಡೆಯಲಾಗಲಿಲ್ಲ. “ನನ್ನ ಬ್ಯಾಡಾದ್ದ ಬೈಯವ್ವಾ. ನಿನ್ನ ಬಾಯಿ ನನಗ ಗೊತ್ತೈತಿ. ಹಿಂಗ ಸುಮ್ನಿರಬ್ಯಾಡ. ನಿನ್ನ ಕಾಲ ಹಿಡಕೋತೇನಿ.”

“ಬೈಯಾಕ ಏನೈತ್ರಿ ಅಕ್ಕಾರ?” ಎಂದಳು ಭರಮವ್ವ, ಮೊರದ ಮೇಲಿನ ಕಣ್ಣು ತೆಗೆಯದೆ. “ಅವತ್ತ ನೀವು ಖರೇ ಹೇಳಿದ್ರೂ ನಮ್ಮನ್ನ ಬಿಡಸ್ತಿದ್ರು. ಅಷ್ಟು ತಿಳೀದಷ್ಟು ಹುಚ್ಚಿ ಅಲ್ಲ ನಾನು. ಆದ್ರ ನಿಮ್ಮನ್ನೂ ಬಿಡಸ್ತಿದ್ರು. ಕೂಡೇ ಹೊರಗ ಬರ್ತಿದ್ವು. ಆ ಬೆಂಚಿನ ಮ್ಯಾಲೆ ಕುಂತಾಗ ನಾ ಅದನ್ನ ನೆನಸಿದ್ದೆ. ಇಬ್ರೂ ಕೂಡೇ ನಡಕೊಂತ ಬಂದು, ಕೆರಿ ದಂಡಿ ಮ್ಯಾಲೆ ಕುಂತು, ಅಳೋದಿದ್ರ ಅತ್ತು, ಅವರನ್ನೆಲ್ಲಾ ಬೈದು, ನಗೋಣ ಅಂತ. ನನಗ ಕೆಲಸಾ ಹೋಗಿದ್ದು ಮನಸಿಗಿ ಅಷ್ಟು ಹತ್ತಲಿಲ್ರಿ. ಇದು ಹತ್ತಿತು.”

ಅವತ್ತು ಕುರ್ಚಿಯಲ್ಲಿ ಕುಳಿತ ದಾನವ್ವ ಎಲ್ಲವನ್ನೂ ಲೆಕ್ಕ ಹಾಕಿದ್ದಳು, ತನಗಾಗಿ ಹೊರಗೆ ಒಬ್ಬಳು ಕಾದಿದ್ದಾಳೆ ಎಂಬುದೊಂದನ್ನು ಬಿಟ್ಟು. ಮುದುಕಿಯಂತೆ ಗೋಡೆ ಹಿಡಿದು ಎದ್ದಳು.

ಭರಮವ್ವ ಬಸ್ಸಿನವರೆಗೂ ಬಂದಳು. ಗದ್ದಲದಲ್ಲಿ ಮೊದಲು ತಾನು ನುಗ್ಗಿ, ಕಿಟಕಿಯ ಸೀಟು ಹಿಡಿದು, ದಾನವ್ವನನ್ನು ಕೂರಿಸಿ, ಸೆರಗು ಸೀಟಿನ ಸಂದಿಗೆ ಸಿಕ್ಕದಂತೆ ಒಳಗೆ ಎಳೆದುಕೊಟ್ಟು ಕೆಳಗಿಳಿದಳು. ನಮ್ಮ ಕಡೆ ಹಗೆಯನ್ನು ಬೀಳ್ಕೊಡುವಾಗಲೂ ‘ಮತ್ತ ಬರ್ರಿ’ ಎನ್ನುತ್ತಾರೆ. ದಾನವ್ವ ಆ ಮಾತಿಗಾಗಿ ಕಿಟಕಿಯಿಂದ ಮುಖ ಹೊರಗೆ ಹಾಕಿ ಕಾದಳು. ಬಸ್ಸು ಹೊರಟಿತು, ಭರಮವ್ವ ಅದನ್ನು ಹೇಳಲಿಲ್ಲ.